ಬೇರೆ ಮನೆ

ಕಾಗದ ಕಾರ್ಖಾನೆಯ ಕ್ವಾರ್ಟರ್ಸ್
ಫೆಬ್ರವರಿ 3

ಹಲ್ಲಿನ ಡಾಕ್ಟರಮ್ಮನಿಗೆ,

ನೀನು ಡಾಕ್ಟರಲ್ಲ, ಡಾಕ್ಟರು ಕೊಟ್ಟ ಅಳತೆಗೆ ಹಲ್ಲುಸೆಟ್ಟು ಮಾಡಿಕೊಡುವವಳು ಎಂದು ತಿದ್ದಬೇಡ. ವರ್ಷಗಳಿಂದ ತಿದ್ದುತ್ತಿದ್ದೀಯ, ನಾನು ಕಲಿತಿಲ್ಲ.

ಮಾರ್ಚ್ ಎರಡು, ಮೂರು, ಶನಿವಾರ ಭಾನುವಾರ ನಮ್ಮ ಮಷಿನ್ನು ನಿಲ್ಲುತ್ತದೆ. ಒದ್ದೆ ಕಾಗದವನ್ನು ಹೊತ್ತು ತಿರುಗುವ ಕಂಬಳಿ ಸವೆದುಹೋಗಿದೆ, ಬದಲಾಯಿಸಬೇಕು. ಆ ಕೆಲಸವನ್ನು ಬೇರೆ ಪಾಳಿಯ ಮೇಸ್ತ್ರಿ ನೋಡಿಕೊಳ್ಳುತ್ತಾನೆ, ನನಗೆ ಎರಡು ದಿನ ಬಿಡುವು. ಬೆಟ್ಟದ ಊರುಗಳಿಗೆ ಹೋಗಿ ಬರೋಣವೇ? ಮದುವೆಯಾದ ಹೊಸತರಲ್ಲಿ ಹೋಗಿದ್ದೆವಲ್ಲ, ಅದೇ ಮೂರು ಊರು. ಕೆಳಗಿನ ಊರಿನಲ್ಲಿ ರೈಲಿಳಿದು, ಮೇಲಿನ ಊರಿನ ಕೆರೆ ನೋಡಿ, ನಡುವಿನ ಊರಿನಲ್ಲಿ ಉಳಿದು ವಾಪಸ್ಸು. ಇಪ್ಪತ್ತೆರಡು ವರ್ಷವಾಯಿತು.

ಈಗ್ಯಾಕೆ ಇದ್ದಕ್ಕಿದ್ದಂತೆ ಎಂದು ಕೇಳಬೇಡ. ದಣಿವಾಗಿದೆ ಕಣೇ. ಒಂದು ನಿದ್ದೆ ತೆಗೆದರೆ ಹೋಗುವ ದಣಿವಲ್ಲ ಇದು. ಸದ್ದುಗದ್ದಲವಿಲ್ಲದ ಕಡೆ ಎರಡು ದಿನ ನಿನ್ನ ಎದುರು ಕೂತಿರಬೇಕು ಅನ್ನಿಸುತ್ತಿದೆ.

ಫೋನ್ ಮಾಡಬೇಡ. ಕ್ಯಾಂಟೀನಿನ ಫೋನಿನಲ್ಲಿ ಗೊರಗೊರ ಬಿಟ್ಟರೆ ಬೇರೇನೂ ಬರುವುದಿಲ್ಲ. ಬರೆ.

ನಿನ್ನ ಮೇಸ್ತ್ರಿ


ಮನೆ
ಫೆಬ್ರವರಿ 11

ಮೇಸ್ತ್ರಿಗಳಿಗೆ,

ನಿಮ್ಮ ಪತ್ರ ಗುರುವಾರವೇ ಬಂತು. ಉತ್ತರಕ್ಕೆ ಇಷ್ಟು ದಿನ ಹಿಡಿಯಿತು, ಕೋಪ ಬೇಡ. ನಮ್ಮ ಲ್ಯಾಬಿನಲ್ಲಿ ಕೆಲಸ ತಲೆಯ ಮೇಲೆ ಬಿದ್ದಿದೆ. ನಿವೃತ್ತ ಮೇಷ್ಟ್ರೊಬ್ಬರು 'ಸ' ಅಂದರೆ ಶಿಳ್ಳೆ ಬರುತ್ತದೆ ಎಂದು ಮೂರನೇ ಸಲ ಸೆಟ್ಟು ವಾಪಸ್ಸು ತಂದಿದ್ದಾರೆ. ನನ್ನೆದುರು ಕೂತು "ಸಮಾಸ, ಸಮಾಸ" ಎಂದು ಶಿಳ್ಳೆ ಹೊಡೆಯುತ್ತಾರೆ. ನಗುವ ಹಾಗಿಲ್ಲ. ಮೇಣ ಕಾಯಿಸುವುದು, ಹಲ್ಲು ಜೋಡಿಸುವುದು, ಉಜ್ಜುವುದು. ಸಂಜೆ ಮನೆಗೆ ಬಂದು ಮುಖ ತೊಳೆದರೆ ಗುಲಾಬಿ ಬಣ್ಣದ ಪುಡಿ ಇಳಿಯುತ್ತದೆ. ಯಾರ ಯಾರದೋ ವಸಡಿನ ಬಣ್ಣ.

ಹಾಸ್ಟೆಲಿನಿಂದ ಮಗಳು ಫೋನ್ ಮಾಡಿದ್ದಳು. ನಿಮ್ಮ ಯೋಜನೆ ಹೇಳಿದೆ. "ಅಯ್ಯೋ ಅಮ್ಮ, ಅಪ್ಪಂಗೆ ಈಗ ಹನಿಮೂನ್ ನೆನಪಾಯ್ತಾ?" ಎಂದು ಬಿದ್ದು ಬಿದ್ದು ನಕ್ಕಳು.

ಬರುತ್ತೇನೆ. ಬೇಡ ಅನ್ನಲು ಬೇಕಾದ ಶಕ್ತಿಯೂ ಉಳಿದಿಲ್ಲ ಅಂತಿಟ್ಟುಕೊಳ್ಳಿ. ನನಗೂ ನಿಮ್ಮ ಹತ್ತಿರ ಮಾತಾಡುವುದಿದೆ. ಕಾಗದದಲ್ಲಿ ಬರೆಯುವ ಮಾತಲ್ಲ, ಅಲ್ಲೇ ಹೇಳುತ್ತೇನೆ.

ಹೋದ ನವೆಂಬರಿನಿಂದ ಫೋನ್ ಬೇಡ, ಫೋನ್ ಬೇಡ ಅನ್ನುತ್ತಿದ್ದೀರಿ. ನಾನು ಮಾಡುತ್ತಲೂ ಇಲ್ಲ. ಗಮನಿಸಿದಿರೋ ಇಲ್ಲವೋ.

ಇತಿ,
ಹಲ್ಲಿನವಳು


ಕ್ವಾರ್ಟರ್ಸ್
ಫೆಬ್ರವರಿ 18

ಡಾಕ್ಟರಮ್ಮ,

ನೀನು ಬರುತ್ತೇನೆ ಅಂದ ಸಾಲನ್ನು ನಾಲ್ಕು ಸಲ ಓದಿದೆ. ಅದರ ಮುಂದಿನ ಸಾಲನ್ನು ಒಂದೇ ಸಲ.

ಶನಿವಾರ ಹತ್ತೂವರೆಗೆ ಕೆಳಗಿನ ಊರಿನ ಸ್ಟೇಷನ್ನಿನ ಗಡಿಯಾರದ ಕೆಳಗೆ ನಿಂತಿರುತ್ತೇನೆ. ನಿನ್ನ ರೈಲು ಹನ್ನೊಂದಕ್ಕೆ. ಸ್ವೆಟರು ಮರೆಯಬೇಡ. ಆಗ ಮರೆತು ಬಂದು ಎರಡು ದಿನ ನನ್ನ ಕೋಟು ಹಾಕಿಕೊಂಡು ತಿರುಗಿದ್ದೆ. ನಾನು ನಡುಗುತ್ತಾ "ನಂಗೆ ಚಳಿನೇ ಆಗಲ್ಲ" ಅಂದಿದ್ದೆ. ಈ ಸಲ ಆ ಸುಳ್ಳು ಹೇಳುವ ವಯಸ್ಸಲ್ಲ.

ನನ್ನ ಹತ್ತಿರವೂ ಒಂದು ಸುದ್ದಿ ಇದೆ. ಅಲ್ಲೇ ಹೇಳುತ್ತೇನೆ.

ಮೇಸ್ತ್ರಿ


ಮನೆ
ಮಾರ್ಚ್ 5

ಮೇಸ್ತ್ರಿಗಳಿಗೆ,

ರೈಲಿಳಿದು ಸೋಮವಾರ ನೇರ ಲ್ಯಾಬಿಗೇ ಹೋದೆ. ಮಂಡಿ ಇನ್ನೂ ನೋಯುತ್ತಿದೆ. ಆಗ ಹಾರಿಕೊಂಡು ಹತ್ತಿದ ಮೆಟ್ಟಿಲುಗಳು, ಈಗ ಒಂದೊಂದಕ್ಕೂ ಯೋಚನೆ ಮಾಡಿ ಕಾಲಿಡಬೇಕಾಯಿತು.

ಊರುಗಳಿಗೂ ನಮ್ಮಷ್ಟೇ ವಯಸ್ಸಾಗಿದೆ. ಸ್ಟೇಷನ್ನಿನ ಟೀ ಅಂಗಡಿ ಇದ್ದಲ್ಲಿ ಹೊಲಿಗೆ ಮಷಿನ್ನಿನ ಷೋರೂಮು. ಮೇಲಿನ ಊರಿನ ಕೆರೆಗೆ ಬೇಲಿ. ಲಾಡ್ಜು ಮಾತ್ರ ಅಲ್ಲೇ ಇತ್ತು. ನಮ್ಮನ್ನು ನೋಡಿ ಕಣ್ಣು ಮಿಟುಕಿಸಿದ್ದ ಆ ಯಜಮಾನಮ್ಮ ತೀರಿಕೊಂಡಿದ್ದಾರಂತೆ, ಅವರ ಅಳಿಯ ತಲೆ ಎತ್ತದೆ ಕೀಲಿ ಕೊಟ್ಟ. ಕೋಣೆಯಲ್ಲಿ ಎರಡು ಒಂಟಿ ಮಂಚ. ನೀವು ಎಳೆದು ಜೋಡಿಸಲು ಹೋದಿರಿ, ನೆಲಕ್ಕೆ ಬೋಲ್ಟು ಹಾಕಿದ್ದರು. ಬಗ್ಗಿ ನೋಡಿ "ಹದಿನೇಳರ ಸ್ಪ್ಯಾನರ್ ಇದ್ದಿದ್ರೆ ಬಿಚ್ಚಬಹುದಿತ್ತು" ಅಂದಿರಿ. ನಾನು ನಕ್ಕೆ. ಆ ನಗು ನಿಜದ್ದೇ ಎಂದು ನಿಮಗೆ ತಿಳಿದಿರಲಿ.

ಈಗ ಭಾನುವಾರದ ಮಾತು. ಮುಂದೆ ಇಬ್ಬರಿಗೂ ಗೊಂದಲವಾಗಬಾರದು ಎಂದು ಬರೆದಿಡುತ್ತಿದ್ದೇನೆ. ನಡುವಿನ ಊರಿನ ಕಬ್ಬಿಣದ ಸೇತುವೆಯ ಮೇಲೆ ನಿಂತಿದ್ದಾಗ ನಾನು ಹೇಳಿದ್ದು ಇಷ್ಟೇ: "ನಾನು ಬೇರೆ ಮನೆ ಮಾಡ್ಕೊಳ್ಳೋಣ ಅಂತಿದೀನಿ. ಇನ್ನು ಹೀಗೆ ಆಗಲ್ಲ ನಂಗೆ." ಹೇಳುವಾಗ ನಿಮ್ಮ ಮುಖ ನೋಡುವ ಧೈರ್ಯ ಬರಲಿಲ್ಲ, ಕೆಳಗೆ ಹರಿಯುವ ನೀರು ನೋಡುತ್ತಿದ್ದೆ. ನೀವು ಕೂಗಾಡಬಹುದು, ಯಾಕೆ ಅನ್ನಬಹುದು, ಕನಿಷ್ಠ ಪಕ್ಷ ಮಗಳಿಗೆ ಏನು ಹೇಳೋಣ ಅನ್ನಬಹುದು ಎಂದುಕೊಂಡಿದ್ದೆ. ನೀವು ಅಂದದ್ದು: "ಮಾಡೋಣ, ಮಾಡೋಣ. ನಾನೂ ಎಷ್ಟೋ ದಿನದಿಂದ ಅದನ್ನೇ ಅಂದ್ಕೊಂಡಿದ್ದೆ." ಆಮೇಲೆ "ಕಾಫಿ ಕುಡಿಯೋಣ್ವಾ?"

ಕಾಫಿ ಕುಡಿದೆವು. ನೀವು ಎರಡು ಲೋಟ ಕುಡಿದಿರಿ.

ಇಷ್ಟು ಸುಲಭವಾಗಿ ಒಪ್ಪಿದ್ದಕ್ಕೆ ಥ್ಯಾಂಕ್ಸ್ ಹೇಳಬೇಕು ತಾನೇ. ಹೇಳಿದ್ದೇನೆ. ಲ್ಯಾಬಿನ ಹಿಂದಿನ ಬೀದಿಯಲ್ಲಿ ಟೈಲರ್ ಅಂಗಡಿಯ ಮಹಡಿಯ ಮೇಲೆ ಒಂದು ಕೋಣೆ ನೋಡಿದ್ದೇನೆ. ಈ ಮನೆ ನಿಮ್ಮದು. ರಜೆಗೆ ಬಂದಾಗ ಇಳಿದುಕೊಳ್ಳಿ. ನಾನಿರುವುದಿಲ್ಲ.

ಹಲ್ಲಿನವಳು


ಕ್ವಾರ್ಟರ್ಸ್
ಮಾರ್ಚ್ 5

ನನ್ನ ಡಾಕ್ಟರಮ್ಮನಿಗೆ,

ನಿನ್ನೆ ಬಸ್ಸಿಳಿದು ನೇರ ರಾತ್ರಿ ಪಾಳಿಗೆ ಹೋಗಿ, ಈಗ ಬಂದು ಕೂತಿದ್ದೇನೆ. ಈ ಪತ್ರ ನಿನ್ನೆಯೇ ಬರೆಯಬೇಕಿತ್ತು. ಎಷ್ಟು ವರ್ಷವಾಗಿತ್ತು ಹೀಗೆ ಇಬ್ಬರೇ ನಡೆದು! ಬೇಲಿ ಹಾಕಿದ ಕೆರೆಗೆ ನೀನು ಬೈದದ್ದು, ಲಾಡ್ಜಿನ ಅಳಿಯನಿಗೆ ನೀನು ಇಟ್ಟ ಹೆಸರು, ಒಬ್ಬನೇ ಇದ್ದಾಗ ನೆನೆದು ನಗುತ್ತಿದ್ದೇನೆ. ಪಕ್ಕದ ಕ್ವಾರ್ಟರ್ಸಿನವನು ಬಾಗಿಲಲ್ಲಿ ಇಣುಕಿ ನೋಡಿ ಹೋದ.

ಭಾನುವಾರ ಸೇತುವೆಯಿಂದ ಮುಂದಕ್ಕೆ ನೀನು ತುಂಬಾ ಸುಮ್ಮನಿದ್ದೆ. ಮಂಡಿ ನೋವಿತ್ತೇನೋ. ನಾನೂ ಕೇಳಲಿಲ್ಲ. ನಿನ್ನ ಆ ಮಾತಿನಿಂದಲೇ ಹೊಟ್ಟೆ ತುಂಬಿತ್ತು. "ಬೇರೆ ಮನೆ ಮಾಡ್ಕೊಳ್ಳೋಣ" ಅಂದೆಯಲ್ಲ! ಒಂಬತ್ತು ವರ್ಷದಿಂದ ನೀನು ಅಲ್ಲಿ, ನಾನು ಇಲ್ಲಿ. ಮಗಳ ಓದು, ನಿನ್ನ ಕೆಲಸ, ನನ್ನ ಪಾಳಿ ಎಂದು ದಿನ ತಳ್ಳಿದೆವು. ಇಬ್ಬರೂ ಒಟ್ಟಿಗಿರಲು ಒಂದು ಚಿಕ್ಕ ಮನೆ ನೋಡೋಣ ಎಂದು ನಾನೇ ಬಾಯಿ ಬಿಡಬೇಕೆಂದಿದ್ದೆ, ನೀನೇ ಮೊದಲು ಅಂದುಬಿಟ್ಟೆ.

ಇದರ ಜೊತೆ ಒಂದು ನಕ್ಷೆ ಇಟ್ಟಿದ್ದೇನೆ. ನಮ್ಮ ಮಷಿನ್ನಿನ ರದ್ದಿ ಹಾಳೆಯಲ್ಲೇ ಬರೆದದ್ದು. ಎರಡು ಕೋಣೆ ಸಾಕು. ಬೀದಿ ಕಡೆ ಕಿಟಕಿ. ಅಡಿಗೆಮನೆ ದೊಡ್ಡದಿರಲಿ, ಅಲ್ಲೇ ಕೂತು ಮಾತಾಡುವ ಹಾಗೆ. ನೀನು ತಿದ್ದು.

ನನ್ನ ಸುದ್ದಿಯೊಂದು ಹೇಳುವುದು ಉಳಿದೇ ಹೋಯಿತು. ಅಷ್ಟು ಖುಷಿಯಲ್ಲಿದ್ದಾಗ ಬಾಯಿಗೆ ಬರಲಿಲ್ಲ. ಆಮೇಲೆ ಬರೆಯುತ್ತೇನೆ.

ನಿನ್ನ ಮೇಸ್ತ್ರಿ


ಮನೆ
ಮಾರ್ಚ್ 11

ಇದೇನು ತಮಾಷೆಯೇ? ನಿಮ್ಮ ನಕ್ಷೆ ವಾಪಸ್ಸು ಕಳಿಸುತ್ತಿದ್ದೇನೆ.

ನಾನು ಅಲ್ಲಿ ನಿಂತು, ಹಲ್ಲು ಕಚ್ಚಿ, ನಿಮ್ಮಿಂದ ಬೇರೆಯಾಗಿ ಇರುತ್ತೇನೆ ಎಂದು ಹೇಳಿದೆ. ಆ ಮಾತನ್ನು ಬಾಯಿಂದ ಹೊರಡಿಸಲು ನಾಲ್ಕು ತಿಂಗಳು ಹಿಡಿದಿತ್ತು. ನಿಮಗೆ ಅದು ಕೇಳಿಸದಿರಲು ನೀವೇನು ಆಚೆ ದಡದಲ್ಲಿ ನಿಂತಿದ್ದಿರಾ? ಮೊಳಕೈ ತಾಗುವಷ್ಟು ಹತ್ತಿರ ಇದ್ದಿರಿ.

ಬೇಡದ ಮಾತನ್ನು ಕಿವಿಗೆ ಹಾಕಿಕೊಳ್ಳದೆ ಇರುವುದು ನಿಮಗೆ ಹೊಸತಲ್ಲ. ಆದರೆ ಬೇಡದ ಮಾತನ್ನು ಬೇಕಾದ ಮಾತಾಗಿ ತಿರುಗಿಸಿಕೊಂಡದ್ದು ಇದೇ ಮೊದಲು. ನನಗೆ ಸಾಕಾಗಿದೆ ರೀ. ಬಿಡಿಸಿ ಹೇಳುವುದಕ್ಕೂ ಸಾಕಾಗಿದೆ.


ಕ್ವಾರ್ಟರ್ಸ್
ಮಾರ್ಚ್ 17

ನಿನಗೆ,

ಏನೆಂದು ಶುರು ಮಾಡಲಿ. ನಿನ್ನ ಎರಡು ಪತ್ರಗಳೂ ಮುಂದಿವೆ. ಐದನೇ ತಾರೀಖಿನದು ನಾನು ನಕ್ಷೆ ಅಂಚೆಗೆ ಹಾಕಿ ಬಂದ ಮೇಲೆ ಕೈಸೇರಿತು. ದಿನವೂ ಪಾಳಿ ಮುಗಿಸಿ ಬಂದು ಅದನ್ನೇ ಮತ್ತೆ ಮತ್ತೆ ಓದುತ್ತಿದ್ದೆ, ಅಷ್ಟರಲ್ಲಿ ಎರಡನೆಯದೂ ಬಂತು.

ನನಗೆ ಕಿವಿ ಕೇಳಿಸುವುದಿಲ್ಲ.

ಎಡಗಿವಿ ಪೂರ್ತಿ ಹೋಗಿದೆ. ಬಲಗಿವಿಯಲ್ಲಿ ಮೂರರಲ್ಲಿ ಒಂದು ಪಾಲು ಉಳಿದಿದೆ ಎಂದು ಡಾಕ್ಟರು ಜನವರಿಯಲ್ಲಿ ಹೇಳಿದರು. ಮಷಿನ್ನಿನ ಪಕ್ಕ ಇಪ್ಪತ್ತಾರು ವರ್ಷ ನಿಂತದ್ದಕ್ಕೆ ಸಿಕ್ಕಿದ್ದು. ಹತ್ತಿಯುಂಡೆ ತುರುಕಿಕೊಂಡರೆ ಸಾಕು ಎಂಬ ಜಂಬ ನನಗೆ. ಒಂದು ಕಾಲದಲ್ಲಿ ಯಾವ ಬೇರಿಂಗು ಕೆಡುತ್ತಿದೆ ಎಂದು ಕಣ್ಣು ಮುಚ್ಚಿ ಹೇಳುತ್ತಿದ್ದವನು. ಡಿಸೆಂಬರಿನಲ್ಲಿ ಒಂದು ಬೇರಿಂಗು ನನ್ನ ಬೆನ್ನ ಹಿಂದೆಯೇ ಕಿರುಚುತ್ತಿತ್ತಂತೆ, ಇಡೀ ಷೆಡ್ಡು ಓಡಿಬಂತು, ನಾನು ಬೆನ್ನು ಹಾಕಿ ಪೆನ್ಸಿಲು ಚೂಪು ಮಾಡುತ್ತಿದ್ದೆ. ಎಂಜಿನಿಯರು ನನ್ನ ಭುಜ ಹಿಡಿದು ಎಳೆದರು. ಅವರ ಬಾಯಿ ಆಡುತ್ತಿತ್ತು, ಮಾತು ಬರುತ್ತಿರಲಿಲ್ಲ. ಅವತ್ತು ಎಲ್ಲರಿಗೂ ಗೊತ್ತಾಯಿತು. ನನಗೆ ಅದಕ್ಕೂ ಒಂದೂವರೆ ವರ್ಷ ಮೊದಲೇ ಗೊತ್ತಿತ್ತು.

ಏಪ್ರಿಲಿನಿಂದ ನನ್ನನ್ನು ಮಷಿನ್ನಿನಿಂದ ತೆಗೆದು ಗೋದಾಮಿಗೆ ಹಾಕುತ್ತಾರೆ. ಹಾಳೆಯನ್ನು ಬೆಳಕಿಗೆ ಹಿಡಿದು ಚುಕ್ಕೆ, ತೂತು ಹುಡುಕುವ ಕೆಲಸ. ಕಣ್ಣು ಇದ್ದರೆ ಸಾಕು. ಇದೇ ನಾನು ಹೇಳಬೇಕೆಂದಿದ್ದ ಸುದ್ದಿ.

ಎದುರಿಗಿದ್ದು ಮಾತಾಡಿದರೆ ತುಟಿ ನೋಡಿ ಅರ್ಧ ಹಿಡಿಯುತ್ತೇನೆ, ಉಳಿದರ್ಧ ಊಹೆ. ಊಹೆಗೂ ಸಿಗದಿದ್ದರೆ ತಲೆಯಾಡಿಸಿ "ಸರಿ" ಅನ್ನುತ್ತೇನೆ. "ಸರಿ" ಅಂದರೆ ಯಾರೂ ಎರಡನೇ ಸಲ ಕೇಳುವುದಿಲ್ಲ. ಸೇತುವೆಯ ಮೇಲೆ ಕೆಳಗೆ ನೀರಿನ ಅಬ್ಬರ, ನೀನು ಮುಖ ಆಕಡೆ ತಿರುಗಿಸಿದ್ದೆ. ನನಗೆ ಸಿಕ್ಕಿದ್ದು "ಬೇರೆ ಮನೆ ಮಾಡ್ಕೊಳ್ಳೋಣ" ಅಷ್ಟೇ. ಮೊದಲಿನ "ನಾನು" ಕೇಳಿಸಲಿಲ್ಲ. ಕೊನೆಯದೂ ಕೇಳಿಸಲಿಲ್ಲ.

ಯಾಕೆ ಮುಚ್ಚಿಟ್ಟೆ ಎಂದರೆ, ನಾಚಿಕೆ. ಕಿವುಡ ಗಂಡ ಎಂದು ನೀನು ಗಟ್ಟಿ ದನಿ ತೆಗೆದು ಮಾತಾಡುವುದನ್ನು ನೋಡಲಾರೆ ಎಂಬ ಬಿಗುಮಾನ.

ಇದನ್ನು ಓದಿ ನಿನ್ನ ತೀರ್ಮಾನ ಬದಲಾಯಿಸಬೇಕಾಗಿಲ್ಲ. ಆ ಕೋಣೆ ಇನ್ನೂ ಖಾಲಿ ಇದ್ದರೆ ಹಿಡಿ. ನಾನು ಕನಿಕರ ಕೇಳುತ್ತಿಲ್ಲ. ನಾನು "ಮಾಡೋಣ" ಅಂದದ್ದು ನೀನು ಅಂದುಕೊಂಡದ್ದಕ್ಕಲ್ಲ, ಅಷ್ಟು ಗೊತ್ತಿರಲಿ.

ಮೇಸ್ತ್ರಿ


ಟೈಲರ್ ಅಂಗಡಿಯ ಮಹಡಿ
ಏಪ್ರಿಲ್ 9

ಮೇಸ್ತ್ರಿಗಳಿಗೆ,

ಮೂರು ವಾರ ಬರೆಯಲಿಲ್ಲ. ಬರೆದು ಹರಿದೆ, ಇನ್ನೊಂದು ಬರೆದೆ, ಅದನ್ನೂ ಹರಿದೆ. ಮೇಲಿನ ವಿಳಾಸ ನೋಡಿ. ಕೋಣೆ ಹಿಡಿದಿದ್ದೇನೆ. ಒಂದು ಕಿಟಕಿ, ಒಂದು ಮಂಚ, ಕೆಳಗಿನಿಂದ ಬೆಳಗಿಂದ ಸಂಜೆವರೆಗೆ ಹೊಲಿಗೆ ಮಷಿನ್ನಿನ ಕಟಕಟ. ಟೈಲರಕ್ಕ ಒಳ್ಳೆಯವಳು, ಬಾಯಿ ಸ್ವಲ್ಪ ಜಾಸ್ತಿ.

ನಿಮ್ಮ ಪತ್ರ ಓದಿ ಅತ್ತೆ. ಆಮೇಲೆ ಕೋಪ ಬಂತು. ಆಮೇಲೆ ಎರಡೂ ಹೋಗಿ ಸುಮ್ಮನೆ ಸುಸ್ತು ಉಳಿಯಿತು. ಅಯ್ಯೋ ಪಾಪ ಅನ್ನುತ್ತಾ ಒಬ್ಬರ ಜೊತೆ ಬದುಕಲು ಆಗುವುದಿಲ್ಲ. ಕನಿಕರ ಬೇಡ ಎಂದು ನೀವೇ ಬರೆದಿದ್ದೀರಿ. ಅದೊಂದು ಸಾಲಿಗೆ ನಿಮ್ಮನ್ನು ಮೆಚ್ಚಿದೆ.

ಈಗ ನಾನು ಮುಚ್ಚಿಟ್ಟದ್ದನ್ನು ಹೇಳುತ್ತೇನೆ.

ಹೋದ ಅಕ್ಟೋಬರಿನಲ್ಲಿ ನನ್ನ ಎಡಗಂಕುಳ ಕೆಳಗೆ ಒಂದು ಗಂಟು ಕಾಣಿಸಿತು. ಡಾಕ್ಟರು ತೆಗೆದು ನೋಡಲೇಬೇಕು ಅಂದರು. ಮಗಳಿಗೆ ಪರೀಕ್ಷೆ ಇತ್ತು, ಅವಳಿಗೆ ಹೇಳಲಿಲ್ಲ. ನಿಮಗೆ ಕ್ಯಾಂಟೀನಿಗೆ ಫೋನ್ ಮಾಡಿದೆ. "ರೀ, ಗುರುವಾರ ಆಪರೇಷನ್ನು, ನಂಗೆ ಭಯ ಆಗ್ತಿದೆ, ಬರ್ತೀರಾ?" ಅಂದೆ. ನೀವು "ಹೂಂ, ಹೂಂ, ಸರಿ" ಅಂದಿರಿ. ನಾನು ಮತ್ತೆ "ಬರ್ತೀರಾ?" ಅಂದೆ. "ಸರಿ ಸರಿ, ಆಮೇಲೆ ನೋಡೋಣ, ಇಡ್ಲಾ?" ಅಂದು ಇಟ್ಟುಬಿಟ್ಟಿರಿ.

ಗುರುವಾರ ಆಸ್ಪತ್ರೆಯ ಬೆಂಚಿನ ಮೇಲೆ ಬಾಗಿಲು ನೋಡುತ್ತಾ ಕೂತಿದ್ದೆ. ನಿಮ್ಮ ಊರಿನ ಬಸ್ಸು ಎಂಟಕ್ಕೆ ಬರುತ್ತದೆ, ಒಂಬತ್ತರವರೆಗೆ ಕಾದೆ. ಲ್ಯಾಬಿನಲ್ಲಿ ನನ್ನ ಪಕ್ಕದ ಮೇಜಿನವರು ಬಂದು ಕೈ ಹಿಡಿದುಕೊಂಡರು. ಸಹಿ ಹಾಕುವ ಜಾಗದಲ್ಲಿ "ಸಂಬಂಧ" ಎಂದು ಇತ್ತು, ಅವರು "ಸಹೋದ್ಯೋಗಿ" ಎಂದು ಬರೆದರು.

ಗಂಟು ಕೆಟ್ಟದ್ದಲ್ಲ. ವಾಸಿಯಾಗಿದೆ. ಎರಡು ವಾರ ಬಿಟ್ಟು ನಿಮ್ಮ ಪತ್ರ ಬಂತು, ಇನ್ನು ಫೋನ್ ಬೇಡ, ಬರೆ ಎಂದು. ಕೇಳಿಯೂ ಬರಲಿಲ್ಲ, ಮೇಲೆ ಫೋನೂ ಬೇಡವಂತೆ. ನನ್ನ ಕಡೆಯಿಂದ ಎಲ್ಲ ಅವತ್ತೇ ಮುಗಿಯಿತು. ಬೆಟ್ಟಕ್ಕೆ ಬಂದದ್ದು ಅದನ್ನು ಹೇಳಿ ಮುಗಿಸಲು.

ಒಂದೇ ಪ್ರಶ್ನೆ. ಅದೂ ಕೇಳಿಸಿರಲಿಲ್ಲವೇ? ಸುತ್ತಿಬಳಸದೆ ಬರೆಯಿರಿ.


ಕ್ವಾರ್ಟರ್ಸ್
ಏಪ್ರಿಲ್ 15

ಕೇಳಿಸಿರಲಿಲ್ಲ.

ಆ ಫೋನು ನನಗೆ ನೆನಪಿದೆ. ನಾನು ಇಟ್ಟ ಮೇಲೆ ಕ್ಯಾಂಟೀನಿನವನು ಏನೋ ಕೇಳಿದ, ಮನೆಯವರು ಏನಂದ್ರು ಎಂದೇ ಇರಬೇಕು. ನಾನು "ಎಲ್ಲ ಆರಾಮಂತೆ" ಎಂದು ನಗುತ್ತಾ ಹೇಳಿ, ತಟ್ಟೆ ಹಿಡಿದುಕೊಂಡು ಹೋಗಿ ಊಟಕ್ಕೆ ಕೂತೆ.

ಎಲ್ಲ ಆರಾಮಂತೆ ಅಂದೆ.

ಎರಡು ದಿನ ನಿನ್ನ ಜೊತೆ ಒಂದೇ ಕೋಣೆಯಲ್ಲಿದ್ದೆ. ನೀನು ಎಡಗೈಯಲ್ಲಿ ಚೀಲ ಎತ್ತದೆ ಇದ್ದದ್ದನ್ನು ನೋಡಿದ್ದೆ. ಕಣ್ಣು ನೆಟ್ಟಗಿದೆಯಲ್ಲ, ಆದರೂ ಯಾಕೆ ಎಂದು ಕೇಳಲಿಲ್ಲ. ಕೇಳಿದರೆ ನೀನು ಉತ್ತರ ಹೇಳುತ್ತೀಯ, ಆ ಉತ್ತರ ನನಗೆ ಕೇಳಿಸುವುದಿಲ್ಲ, ನನ್ನ ಗುಟ್ಟು ಹೊರಬೀಳುತ್ತದೆ. ಕಿವಿಯ ತಪ್ಪು ಅದಲ್ಲ, ಪೂರ್ತಿ ನನ್ನದು.

ಕ್ಷಮಿಸು ಎಂದು ಬರೆಯಲೂ ಕೈ ಬರುತ್ತಿಲ್ಲ. ಬರಲೇ?


ಮಹಡಿ
ಏಪ್ರಿಲ್ 22

ಈಗ ಬೇಡ.

ನಿಮ್ಮ ಮೇಲಿನ ಕೋಪಕ್ಕೆ ಆರು ತಿಂಗಳಿನಿಂದ ಒಂದು ಕಾರಣ ಇತ್ತು, ಅದನ್ನು ಹಿಡಿದುಕೊಂಡು ನಿಂತಿದ್ದೆ. ಈಗ ಅದೂ ಹೋಯಿತು. ಸ್ವಲ್ಪ ದಿನ ಒಬ್ಬಳೇ ಇರುತ್ತೇನೆ. ಮೊದಲು ಒಳ್ಳೆಯ ಕಡೆ ಕಿವಿ ತೋರಿಸಿ, ಮಷಿನ್ನು ಹಾಕಿಸಿಕೊಳ್ಳಿ. ಮಗಳಿಗೆ ನಿಮ್ಮದು ನೀವು ಬರೆಯಿರಿ, ನನ್ನದು ನಾನು ಹೇಳುತ್ತೇನೆ. ಅವಳಿಂದ ಏನನ್ನೂ ಮುಚ್ಚಿಡುವುದು ಬೇಡ.


ಕ್ವಾರ್ಟರ್ಸ್
ಮೇ 20

ಕಿವಿಗೆ ಮಷಿನ್ನು ಬಂದಿದೆ. ನಿನ್ನ ಕಸುಬಿಗೆ ತಕ್ಕ ಗಂಡನಾದೆ, ಒಂದೊಂದೇ ಅಂಗ ಅಂಗಡಿಯಿಂದ ತರುವವನು. ಫ್ಯಾನು, ನಲ್ಲಿ, ನಾನೇ ಅಗಿಯುವ ಸದ್ದು, ಎಲ್ಲ ಒಟ್ಟಿಗೆ ನುಗ್ಗುತ್ತವೆ. ಮಾತು ಮಾತ್ರ ತಗಡಿನ ಡಬ್ಬಿಯೊಳಗಿಂದ ಬಂದ ಹಾಗೆ. ಅಭ್ಯಾಸವಾಗಲು ಆರು ತಿಂಗಳು ಬೇಕಂತೆ.

ಮಗಳು ಬಂದು ಒಂದು ದಿನ ಇದ್ದು ಹೋದಳು. "ನೀವಿಬ್ರೂ ಸೇರಿ ನನ್ನನ್ನ ಚಿಕ್ಕ ಮಗು ಮಾಡಿಟ್ಟಿದ್ರಿ" ಎಂದು ಬೈದಳು. ಪೂರ್ತಿ ಕೇಳಿಸಿತು.

ಜೂನ್ ಎಂಟು, ಶನಿವಾರ. ಬರಬಹುದೇ?


ಮಹಡಿ
ಜೂನ್ 12

ಮೇಸ್ತ್ರಿಗಳಿಗೆ,

ಶನಿವಾರದ ಮಾತನ್ನು ಬರೆದು ಕಳಿಸುತ್ತಿದ್ದೇನೆ. ಕೆಳಗೆ ಟೈಲರಕ್ಕನ ಮಷಿನ್ನು ಓಡುತ್ತಿತ್ತು, ನಿಮಗೆ ಎಷ್ಟು ಕೇಳಿಸಿತೋ ಗೊತ್ತಿಲ್ಲ. ಬಿಟ್ಟುಹೋದದ್ದನ್ನು ತುಂಬಿಕೊಳ್ಳಿ.

ನೀವು ಬಂದು ಕುರ್ಚಿಯಲ್ಲಿ ಕೂತಿರಿ, ನಾನು ಮಂಚದ ಮೇಲೆ ಕೂತೆ. ಈ ಸಲ ನಿಮ್ಮ ಮುಖ ನೋಡಿಕೊಂಡೇ ಹೇಳಿದೆ: "ನಾನು ಇನ್ನು ಮೇಲೆ ಇಲ್ಲೇ ಇರ್ತೀನಿ. ನೀವು ನಿಮ್ಮ ಪಾಡಿಗೆ, ನಾನು ನನ್ನ ಪಾಡಿಗೆ."

ನೀವು ತಲೆಯಾಡಿಸುತ್ತೀರಿ ಎಂದು ಕಾದೆ. ನೀವು "ಬೇಡ" ಅಂದಿರಿ.

ನನಗೇ ಸರಿಯಾಗಿ ಕೇಳಿಸಲಿಲ್ಲವೇನೋ ಎಂದು "ಏನಂದ್ರಿ?" ಅಂದೆ. ಕೆಳಗೆ ಮಷಿನ್ನು ನಿಲ್ಲುವಷ್ಟು ಜೋರಾಗಿ ನೀವು "ಬೇಡ ಅಂದೆ! ನಂಗೆ ಒಪ್ಪಿಗೆ ಇಲ್ಲ!" ಎಂದು ಕೂಗಿದಿರಿ. ನನಗೂ ಸಿಟ್ಟು ಬಂತು. "ನಿಮ್ಮ ಒಪ್ಪಿಗೆ ಯಾರಿಗೆ ಬೇಕು?" ಅಂದೆ. "ನಿಂಗೇ ಬೇಕು, ಅದಕ್ಕೇ ಎರಡೆರಡು ಸಲ ಕೇಳ್ತಿದೀಯ" ಅಂದಿರಿ. ಆಸ್ಪತ್ರೆಯ ಬೆಂಚಿನ ಮಾತು ತೆಗೆದೆ, ಒಂಬತ್ತು ವರ್ಷದ ಲೆಕ್ಕವಿಲ್ಲದ ಮಾತುಗಳನ್ನೆಲ್ಲ ತೆಗೆದೆ. ನೀವು ಒಂದಕ್ಕೂ "ಸರಿ" ಅನ್ನಲಿಲ್ಲ. ಕೇಳಿಸದ ಕಡೆ ಕೈ ಎತ್ತಿ "ನಿಲ್ಲು, ಮತ್ತೆ ಹೇಳು" ಅಂದಿರಿ. ಬೈಗುಳವನ್ನು ಮತ್ತೆ ಹೇಳುವುದು ಎಂಥ ಕಷ್ಟ! ಎರಡನೇ ಸಲಕ್ಕೆ ಅದರ ಖಾರವೇ ಇರುವುದಿಲ್ಲ.

ಆಮೇಲೆ ಇಬ್ಬರಿಗೂ ದಣಿವಾಯಿತು. ನೀವು ಕುರ್ಚಿಯಲ್ಲೇ ಕಣ್ಣು ಮುಚ್ಚಿದಿರಿ. ಸಂಜೆಯ ಬಸ್ಸಿಗೆ ಎಬ್ಬಿಸಿದಾಗ ಎದ್ದು ಮೆಟ್ಟಿಲಿಳಿದು ಹೋದಿರಿ.

ಕೋಣೆ ಬಿಡುವುದಿಲ್ಲ. ನಿಮ್ಮ ಜೊತೆ ಬರುತ್ತೇನೆ ಎಂದೂ ಹೇಳುತ್ತಿಲ್ಲ. ಟೈಲರಕ್ಕ ಬಂದು "ಏನಮ್ಮಾ, ಅಷ್ಟು ಗಲಾಟೆ? ಯಾರು ಅವರು?" ಅಂದಳು. "ನಮ್ಮನೆಯವರು" ಅಂದೆ. ಬಾಯಿಗೆ ಬೇರೆ ಪದ ಬರಲಿಲ್ಲ.

ಇಪ್ಪತ್ತೆರಡನೇ ತಾರೀಖು ಶನಿವಾರ ಲ್ಯಾಬು ಎರಡಕ್ಕೆ ಮುಚ್ಚುತ್ತದೆ. ಎರಡೂವರೆಗೆ ಬನ್ನಿ. ನಾನು ಹೇಳಬೇಕಾದದ್ದು ಅರ್ಧವೂ ಮುಗಿದಿಲ್ಲ.

ಇತಿ,
ನಿಮ್ಮ ಮೇಲೆ ಇನ್ನೂ ಸಿಟ್ಟಿರುವವಳು